ಹತ್ತು ಗೋಲಿನ ಎದುರು ಒಂದು ಗೋಲು

ಜೂನ್ ತಿಂಗಳು ಬಂತೆಂದರೆ ಗೋಕಾಕ ಫಾಲ್ಸ್‌ನಲ್ಲಿ ಎರಡು ಸಂಗತಿಗಳು ಒಟ್ಟಿಗೇ ಸುರುವಾಗುತ್ತವೆ. ಘಟಪ್ರಭೆಗೆ ಹೊಸ ನೀರು ಬಂದು 52 ಮೀಟರ್ ಎತ್ತರದ ಬಂಡೆಯಿಂದ ಧುಮುಕತೊಡಗುತ್ತದೆ. ಹೊಸ ವರ್ಗದ ಪುಸ್ತಕಗಳಿಗೆ ರಟ್ಟು ಹಾಕುತ್ತ ಕುಳಿತ ಹುಡುಗರು, ಮಳೆ ಒಂದಿಷ್ಟು ಬಿಡುವು ಕೊಟ್ಟ ಕೂಡಲೇ ಚೆಂಡು ಹಿಡಿದು ಬಯಲಿಗೆ ಓಡುತ್ತಾರೆ. ಕೆಲವರ ಕಾಲಲ್ಲಿ ಬೂಟು, ಬಹಳ ಜನರದು ಬರಿಗಾಲು. ಮನೆಮನೆಗಳಲ್ಲಿ ಅದೇ ಮಾತು ಕೇಳಿಬರುತ್ತದೆ.

"ಚೆಂಡ ಒದ್ದರ ಹೊಟ್ಟಿ ತುಂಬತೈತೇನೋ? ಮೊದ್ಲ ಅಭ್ಯಾಸ ಮಾಡು."

"ಒಂದ ತಾಸಿನಾಗ ಬರ್ತೀನಿ, ಅಪ್ಪಾ."

ತಂದೆಯ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿಯ ಸುತ್ತ ಬೆಳೆದ ಊರು ಇದು. ಪಾಳಿ, ಪಗಾರ, ಹೊಟ್ಟೆ ಇವುಗಳ ಲೆಕ್ಕ ಇಲ್ಲಿಯ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಮಗನ ಮಾತನ್ನೂ ತಳ್ಳಿಹಾಕುವಂತಿಲ್ಲ. ಆ ವಯಸ್ಸಿನಲ್ಲಿ ಮೈಯೊಳಗೆ ಉಕ್ಕುವ ಶಕ್ತಿ ಎಲ್ಲಿಯಾದರೂ ಹರಿಯಲೇಬೇಕು. ಹಾಗಾದರೆ ಉತ್ತರ ಏನು? ಬೋಧನೆಯ ಮಾತುಗಳಿಗಿಂತ ಒಬ್ಬ ಆಟಗಾರನ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ನೋಡುವುದು ಮೇಲು. ಆ ಆಟಗಾರ ದೂರದವನಲ್ಲ, ನಮ್ಮ ಕರ್ನಾಟಕದವನೇ. ಹೆಸರು ಅಹ್ಮದ್ ಖಾನ್.

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಆಗಿನ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು. ಅವರು ಆಡಿದ್ದನ್ನು ಬೇಲಿಯಾಚೆ ನಿಂತು ನೋಡಿದ ಗಲ್ಲಿಯ ಮಕ್ಕಳು ಆ ಆಟವನ್ನು ತಮ್ಮದಾಗಿಸಿಕೊಂಡರು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿ ಮುಂಬಯಿಗೆ ಹೋಗಿ ಹೆಸರಾಂತ ರೋವರ್ಸ್ ಕಪ್ ಗೆದ್ದು ಬಂತು. ಮರುವರ್ಷ ಮತ್ತೆ ಗೆದ್ದಿತು. ಅಹ್ಮದ್ ಖಾನ್ ಆಗ ಹತ್ತು ಹನ್ನೊಂದು ವರ್ಷದ ಬಾಲಕ. ತನ್ನ ಊರಿನವರೇ ಗೆದ್ದು ಬರುವುದನ್ನು ಕಾಣುವ ಮಗುವಿಗೆ ಗೆಲುವು ಪರದೇಶದ ವಸ್ತು ಎನಿಸುವುದಿಲ್ಲ. 1946-47ರ ಸಾಲಿನಲ್ಲಿ ಬಲಾಢ್ಯ ಬಂಗಾಲವನ್ನು ಸೋಲಿಸಿ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನೂ ಗೆದ್ದುಕೊಂಡಿತು.

ಅಹ್ಮದ್ ಖಾನ್ ಫಾರ್ವರ್ಡ್ ಆಟಗಾರ, ಅಂದರೆ ಮುಂದಿನ ಸಾಲಿನವನು. ಇಂದಿನ ತಂಡಗಳಲ್ಲಿ ಮುಂದಿನ ಸಾಲಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಆಗ ಐವರು ಇರುತ್ತಿದ್ದರು. ನಟ್ಟನಡುವೆ ಒಬ್ಬ, ಎರಡು ಅಂಚುಗಳಲ್ಲಿ ಇಬ್ಬರು, ಅವರ ನಡುವಿನ ಎಡೆಗಳಲ್ಲಿ ಇನ್ನಿಬ್ಬರು. ಅಹ್ಮದ್ ಖಾನ್ ಎಡಗಡೆಯ ಆ ಎಡೆಯಲ್ಲಿ ಆಡುತ್ತಿದ್ದರು. ಗೋಲು ಹೊಡೆಯುವುದಷ್ಟೇ ಅಲ್ಲ, ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಒಯ್ದು ಪಕ್ಕದವನಿಗೆ ಗೋಲಿನ ದಾರಿ ಮಾಡಿಕೊಡುವುದೂ ಆ ಜಾಗದವನ ಕೆಲಸ.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಭಾರತದ ತಂಡದಲ್ಲಿ ಇಪ್ಪತ್ತೊಂದರ ಅಹ್ಮದ್ ಖಾನ್ ಇದ್ದರು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್, ಕೆ.ಪಿ. ಧನರಾಜ್, ಬಿ.ಎನ್. ವಜ್ರವೇಲು ಕೂಡ ಇದ್ದರು. ಜುಲೈ 31ರಂದು ಇಲ್‌ಫೋರ್ಡ್ ಎಂಬಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮ ಹನ್ನೊಂದು ಜನರಲ್ಲಿ ಎಂಟು ಜನ ಬರಿಗಾಲಲ್ಲಿ ಕಣಕ್ಕಿಳಿದಾಗ ನೋಡಲು ಬಂದ ಇಂಗ್ಲಿಷರು ಬೆರಗಾದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸಿಕ್ಕ ಮೊದಲ ಗೋಲು ಒಬ್ಬ ಬೆಂಗಳೂರಿಗನ ಕಾಲಿನಿಂದ ಬಂತು. ಆದರೆ ಆ ಪಂದ್ಯದಲ್ಲಿ ದೊರೆತ ಎರಡು ಪೆನಾಲ್ಟಿಗಳನ್ನೂ ನಮ್ಮವರು ಕಳೆದುಕೊಂಡರು. ಆಟ ಮುಗಿಯಲು ಒಂದು ನಿಮಿಷ ಇರುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ಬರಿಗಾಲಿನ ವಿಷಯವನ್ನು ವಿದ್ಯಾರ್ಥಿಗಳು ಸ್ವಲ್ಪ ವಿಜ್ಞಾನದ ಕಣ್ಣಿನಿಂದ ನೋಡಬೇಕು. ಗೋಕಾಕ ಫಾಲ್ಸ್‌ನ ತೂಗುಸೇತುವೆಯ ಮೇಲೆ ನಡೆದವರಿಗೆ ಇದು ಬೇಗ ತಿಳಿಯುತ್ತದೆ. ಸೇತುವೆ ಅಲುಗಿದ್ದು ಕಣ್ಣಿಗೆ ಗೊತ್ತಾಗುವ ಮೊದಲೇ ಅಂಗಾಲಿಗೆ ಗೊತ್ತಾಗುತ್ತದೆ. ಅಂಗಾಲಿನ ಚರ್ಮದಲ್ಲಿ ಸ್ಪರ್ಶವನ್ನೂ ಒತ್ತಡವನ್ನೂ ಗ್ರಹಿಸುವ ನರತುದಿಗಳು ತುಂಬ ಇವೆ. ಅವು ಕಳಿಸಿದ ಸುದ್ದಿಗೆ ತಕ್ಕಂತೆ ಮೈ ತನ್ನ ತೂಕವನ್ನು ಸರಿಮಾಡಿಕೊಳ್ಳುತ್ತದೆ. ಬರಿಗಾಲಲ್ಲಿ ಚೆಂಡನ್ನು ಮುಟ್ಟುವವನಿಗೂ ಇದೇ ಅನುಕೂಲ. ಚೆಂಡು ಎಷ್ಟು ವೇಗದಲ್ಲಿ ಬಂತು, ಯಾವ ಕಡೆ ತಿರುಗುತ್ತಿದೆ ಎಂಬುದು ಅವನಿಗೆ ನೇರವಾಗಿ ತಿಳಿಯುತ್ತದೆ. ಗಟ್ಟಿಯಾದ ಒಣ ನೆಲದಲ್ಲಿ ನಮ್ಮ ಆಟಗಾರರು ಎದುರಾಳಿಗಳನ್ನು ದಂಗುಬಡಿಸುತ್ತಿದ್ದುದರ ಗುಟ್ಟು ಇದೇ.

ಆದರೆ ನೆಲ ಒದ್ದೆಯಾದರೆ ಲೆಕ್ಕ ಬದಲಾಗುತ್ತದೆ. ಹಸಿ ಹುಲ್ಲಿನ ಮೇಲೆ ಘರ್ಷಣೆ ಕಡಿಮೆ. ಓಡುವವನು ಸರಕ್ಕನೆ ತಿರುಗಬೇಕಾದರೆ ನೆಲ ಅವನ ಕಾಲನ್ನು ಹಿಡಿದುಕೊಳ್ಳಬೇಕು. ಬೂಟಿನ ಅಡಿಯಲ್ಲಿ ಗುಬಟುಗಳಿರುತ್ತವೆ. ದೇಹದ ಭಾರವೆಲ್ಲ ಆ ಚಿಕ್ಕ ತುದಿಗಳ ಮೇಲೆ ಬೀಳುವುದರಿಂದ ಒತ್ತಡ ಹೆಚ್ಚಾಗಿ ಅವು ಮಣ್ಣಿಗೆ ಇಳಿಯುತ್ತವೆ. ಬಲ ಅಷ್ಟೇ ಇದ್ದು ಕ್ಷೇತ್ರಫಲ ಕಡಿಮೆಯಾದರೆ ಒತ್ತಡ ಹೆಚ್ಚುತ್ತದೆ ಎಂದು ಪುಸ್ತಕದಲ್ಲಿ ಓದುತ್ತೇವಲ್ಲ, ಅದೇ ಇದು. ಚಪ್ಪಟೆಯಾದ ಬರಿಗಾಲಿಗೆ ಆ ಹಿಡಿತ ಸಿಗದು. ಮೇಲಾಗಿ ಆ ಕಾಲದ ಚೆಂಡು ಚರ್ಮದ್ದು. ಆಟದ ಆರಂಭದಲ್ಲಿ 14ರಿಂದ 16 ಔನ್ಸ್, ಅಂದರೆ ಸುಮಾರು 400ರಿಂದ 450 ಗ್ರಾಂ ತೂಗಬೇಕೆಂಬುದು ನಿಯಮ. ಮಳೆಯಲ್ಲಿ ಚರ್ಮ ನೀರು ಕುಡಿದರೆ ತೂಕ ಏರುತ್ತಿತ್ತು. ಅಂಥ ಚೆಂಡನ್ನು ಬರಿಗಾಲ ಬೆರಳುಗಳಿಂದ ದೂರ ಒದೆಯುವುದು ಎಂಥ ಕಷ್ಟವೆಂದು ಊಹಿಸಬಹುದು. ಒಂದು ನೆಲದಲ್ಲಿ ಬಲವಾದದ್ದು ಇನ್ನೊಂದು ನೆಲದಲ್ಲಿ ದೌರ್ಬಲ್ಯವಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

1949ರಲ್ಲಿ ಅಹ್ಮದ್ ಖಾನ್ ಬೆಂಗಳೂರು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬು ಸೇರಿದರು. ದೇಶ ವಿಭಜನೆಯಾಗಿ ಪೂರ್ವ ಬಂಗಾಲದಿಂದ ಮನೆಮಾರು ಕಳೆದುಕೊಂಡು ಬಂದ ಲಕ್ಷಾಂತರ ಜನ ಆಗ ಆ ನಗರದಲ್ಲಿ ತುಂಬಿದ್ದರು. ಬಿಟ್ಟುಬಂದ ನೆಲದ ಹೆಸರು ಹೊತ್ತ ಆ ಕ್ಲಬ್ಬಿನ ಗೆಲುವು ಅವರಿಗೆ ಆಟಕ್ಕಿಂತ ದೊಡ್ಡದಾಗಿತ್ತು. ಅವರಿಗೆ ಆ ಗೆಲುವನ್ನು ತಂದುಕೊಟ್ಟ ಮುಂದಿನ ಸಾಲಿನ ಐವರೂ ದಕ್ಷಿಣ ಭಾರತದವರು ಎಂಬುದು ವಿಶೇಷ. ಅಹ್ಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ. ಬಂಗಾಲದ ಜನ ಇವರನ್ನು ಪಂಚಪಾಂಡವರೆಂದು ಕರೆದರು. ಧರ್ಮ, ಭಾಷೆ, ಊರು ಯಾವುದೂ ಆ ಹೆಸರಿಗೆ ಅಡ್ಡ ಬರಲಿಲ್ಲ. 1949, 1950, 1951 ಹೀಗೆ ಸತತ ಮೂರು ವರ್ಷ ಈಸ್ಟ್ ಬೆಂಗಾಲ್ ಐ.ಎಫ್.ಎ. ಶೀಲ್ಡ್ ಗೆದ್ದಿತು. 1951ರಲ್ಲಿ ಮತ್ತು 1952ರಲ್ಲಿ ಡುರಾಂಡ್ ಕಪ್ ಕೂಡ ಅದರ ಪಾಲಾಯಿತು.

1950ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ನಡೆಯಿತು. ಭಾರತಕ್ಕೆ ಅವಕಾಶ ದೊರೆತಿತ್ತು, ಆದರೆ ತಂಡ ಹೋಗಲಿಲ್ಲ. ಬರಿಗಾಲಲ್ಲಿ ಆಡಬಾರದೆಂದು ಹೇಳಿದ್ದಕ್ಕೆ ಹೋಗಲಿಲ್ಲ ಎಂಬ ಕತೆ ಇಂದಿಗೂ ಓಡಾಡುತ್ತಿದೆ. ಹಡಗಿನ ದೀರ್ಘ ಪ್ರಯಾಣ, ಖರ್ಚು, ಅಭ್ಯಾಸದ ಕೊರತೆ, ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದೆಂದು ಆಡಳಿತದವರು ತಿಳಿದದ್ದು, ಇವೇ ಹೆಚ್ಚು ನಂಬತಕ್ಕ ಕಾರಣಗಳು. ಅಹ್ಮದ್ ಖಾನ್‌ಗೆ ಆಗ ಇಪ್ಪತ್ತಮೂರು, ಆಟಗಾರನ ಉತ್ತಮ ವಯಸ್ಸು. ಆ ತಲೆಮಾರಿನ ಕೈಗೆ ಬಂದ ಅವಕಾಶ ಹೀಗೆ ತಪ್ಪಿತು. ಮುಂದೆ ಭಾರತ ವಿಶ್ವಕಪ್ಪಿನ ಕಣಕ್ಕೆ ಇಳಿದದ್ದೇ ಇಲ್ಲ.

ಮರುವರ್ಷ ಸಮಾಧಾನ ಸಿಕ್ಕಿತು. 1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದವು. ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತು ಭಾರತಕ್ಕೆ ಚಿನ್ನದ ಪದಕ ಬಂತು. ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು.

ಇನ್ನು ಮುಖ್ಯ ಸಂಗತಿಗೆ ಬರೋಣ. 1952ರ ಜುಲೈ 15, ಫಿನ್ಲೆಂಡಿನ ಹೆಲ್ಸಿಂಕಿ. ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಎದುರಾದದ್ದು ಯುಗೊಸ್ಲಾವಿಯಾ. ಮುಂದೆ ಆ ಸಲದ ಬೆಳ್ಳಿ ಪದಕ ಗೆದ್ದ ತಂಡ ಅದು. ಊರು ಉತ್ತರದ ತಂಪು ಹವೆಯದು. ಎದುರಾಳಿಗಳು ಎತ್ತರದ ಆಳುಗಳು, ಗಟ್ಟಿ ಬೂಟಿನವರು. ನಮ್ಮವರಲ್ಲಿ ಹಲವರು ಇನ್ನೂ ಬರಿಗಾಲಿನವರು. ಪೂರ್ತಿ ತೊಂಬತ್ತು ನಿಮಿಷ ಆಡುವ ರೂಢಿಯೂ ನಮ್ಮವರಿಗೆ ಕಡಿಮೆ. ಎರಡನೆಯ ನಿಮಿಷದಲ್ಲೇ ಮೊದಲ ಗೋಲು ಬಿತ್ತು. ಆಮೇಲೆ ಒಂದರ ಹಿಂದೆ ಒಂದು. ಜೆಬೆಕ್ ಎಂಬ ಆಟಗಾರನೊಬ್ಬನೇ ನಾಲ್ಕು ಹೊಡೆದ. ಆಟ ಮುಗಿಯುವ ಹೊತ್ತಿಗೆ ಎಣಿಕೆ ಹತ್ತಕ್ಕೆ ಬಂದಿತ್ತು, ಭಾರತದ್ದು ಸೊನ್ನೆ.

ಎಂಬತ್ತೊಂಬತ್ತನೆಯ ನಿಮಿಷ. ಪಂದ್ಯ ಎಂದೋ ಕೈಬಿಟ್ಟಿತ್ತು. ಇನ್ನು ಎಂಥ ಒದೆತ ಒದ್ದರೂ ಫಲಿತಾಂಶ ಬದಲಾಗುವುದಿಲ್ಲ ಎಂಬುದು ಸಣ್ಣ ಮಗುವಿಗೂ ಗೊತ್ತಾಗುವಂತಿತ್ತು. ಆಗ ಅಹ್ಮದ್ ಖಾನ್ ಗೋಲು ಹೊಡೆದರು. 10-1.

ಈ ಗೋಲಿನಿಂದ ಏನಾಯಿತು ಎಂದು ಕೇಳಬಹುದು. ಅಂಕಗಳ ಲೆಕ್ಕದಲ್ಲಿ ಏನೂ ಆಗಲಿಲ್ಲ. ಆದರೆ ಗೋಲು ತಾನಾಗಿ ಬೀಳುವುದಿಲ್ಲ. ಹತ್ತು ಗೋಲು ತಿಂದ ಮೇಲೂ ಒಬ್ಬ ಆಟಗಾರ ಚೆಂಡಿನ ಹಿಂದೆ ಓಡುತ್ತಿರಬೇಕು, ಸರಿಯಾದ ಜಾಗದಲ್ಲಿ ನಿಂತಿರಬೇಕು, ಮನಸ್ಸು ಆಟದೊಳಗೇ ಇರಬೇಕು. ಗೆಲ್ಲುತ್ತಿರುವಾಗ ಓಡುವುದು ಯಾರಿಗೂ ಕಷ್ಟವಲ್ಲ. ಸೋಲು ನಿಶ್ಚಿತವಾದ ಮೇಲೂ ತನ್ನ ಕೆಲಸವನ್ನು ಕೊನೆಯ ನಿಮಿಷದವರೆಗೆ ಮಾಡುವುದು ಅಪರೂಪದ ಗುಣ. ಗಣಿತದ ಪತ್ರಿಕೆ ಕಷ್ಟ ಬಂತೆಂದು ಅರ್ಧ ತಾಸು ಮೊದಲೇ ಎದ್ದುಬರುವ ವಿದ್ಯಾರ್ಥಿಗಳು ಈ ಎಂಬತ್ತೊಂಬತ್ತನೆಯ ನಿಮಿಷವನ್ನು ನೆನೆಯಬೇಕು.

ಸೋಲಿಗೆ ಇನ್ನೊಂದು ಮುಖವೂ ಇತ್ತು. ಹೆಲ್ಸಿಂಕಿಯಿಂದ ಬಂದ ಮೇಲೆ ಬರಿಗಾಲಿನ ಅಭಿಮಾನವನ್ನು ಬದಿಗಿಟ್ಟು ಆಟಗಾರರಿಗೆ ಬೂಟು ಕಡ್ಡಾಯ ಮಾಡಲಾಯಿತು. ಆಗಿನ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಅವರು ಶಾಲಾ ಮಾಸ್ತರರು. ತಪ್ಪಿದ ಲೆಕ್ಕವನ್ನು ಎಲ್ಲಿ ತಪ್ಪಿತೆಂದು ಹುಡುಕಿ ಮತ್ತೆ ಮಾಡಿಸುವ ಮಾಸ್ತರಿಕೆಯನ್ನು ಅವರು ಬಯಲಿಗೂ ತಂದರು. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಉಪಾಂತ್ಯ ತಲುಪಿತು. ಅಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಹೊಡೆದದ್ದು ಭಾರತವೇ! ಕೊನೆಗೆ 4-1ರಿಂದ ಸೋತಿತು ನಿಜ, ಆದರೆ ಒಂಬತ್ತು ಗೋಲಿನ ಅಂತರ ಮೂರಕ್ಕೆ ಇಳಿದಿತ್ತು. ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. ಆ ತಂಡದಲ್ಲಿ ಅಹ್ಮದ್ ಖಾನ್ ಇರಲಿಲ್ಲ. ಬೆಂಗಳೂರಿನ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ರಹೀಮರ ಶಿಷ್ಯರು ಮತ್ತೆ ಚಿನ್ನ ಗೆದ್ದರು. ಒಬ್ಬರ ಸೋಲು ಇನ್ನೊಬ್ಬರ ಪಾಠವಾಗುವುದು ಹೀಗೆ.

ಒಂದು ಅಂಕೆಯಿಂದ ಆಟಗಾರನನ್ನು ಅಳೆಯುವ ತಪ್ಪು ನಮ್ಮಲ್ಲಿ ಮಾತ್ರ ಇಲ್ಲ. ಇಟಲಿಯ ಫಾರ್ವರ್ಡ್ ಆಟಗಾರ ರಾಬರ್ಟೊ ಬಾಜೊ ಹೆಸರನ್ನು ಬಹಳ ಪಾಲಕರು ಕೇಳಿರಬಹುದು. 1994ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ಕೊನೆಯ ಪೆನಾಲ್ಟಿಯನ್ನು ಗೋಲುಗಂಬದ ಮೇಲಿನಿಂದ ಹೊರಗೆ ಒದ್ದವರು ಅವರು. ಇಟಲಿ ಸೋತಿತು. ತಲೆ ತಗ್ಗಿಸಿ ನಿಂತ ಅವರ ಚಿತ್ರವನ್ನೇ ಜಗತ್ತು ನೆನಪಿಟ್ಟುಕೊಂಡಿತು. ಆದರೆ ಅದೇ ವಿಶ್ವಕಪ್ಪಿನಲ್ಲಿ ಐದು ಗೋಲು ಹೊಡೆದು ಇಟಲಿಯನ್ನು ಫೈನಲ್‌ಗೆ ಒಯ್ದವರೂ ಅವರೇ. ಅದಕ್ಕೂ ಮೊದಲು, 1985ರಲ್ಲಿ, ಹದಿನೆಂಟರ ಹರೆಯದಲ್ಲಿ ಅವರ ಮೊಣಕಾಲು ಕೆಟ್ಟುಹೋಗಿ, ಆಟ ಮುಗಿದೇ ಹೋಯಿತು ಎನ್ನುವ ಸ್ಥಿತಿ ಬಂದಿತ್ತು. ಆ ಕಾಲಿನಿಂದಲೇ ಅವರು 2004ರವರೆಗೆ ಆಡಿದರು, ಇಟಲಿಯ ಅತ್ಯುನ್ನತ ಲೀಗಿನಲ್ಲಿ ಇನ್ನೂರಕ್ಕೂ ಹೆಚ್ಚು ಗೋಲು ಹೊಡೆದರು. ಇಷ್ಟೆಲ್ಲ ಇದ್ದೂ ಜನ ಮೊದಲು ಕೇಳುವುದು ಆ ಒಂದು ಪೆನಾಲ್ಟಿಯನ್ನು. ಮಗುವಿನ ಅಂಕಪಟ್ಟಿ ಕೈಗೆ ಬಂದಾಗ ಎಲ್ಲ ವಿಷಯ ಬಿಟ್ಟು ಕಡಿಮೆ ಬಿದ್ದ ಒಂದರ ಮೇಲೆಯೇ ಬೆರಳಿಡುವ ಪಾಲಕರು ಇದನ್ನು ಯೋಚಿಸಬೇಕು.

ಈಗ ಹೊಟ್ಟೆಯ ಪ್ರಶ್ನೆ. ಇಲ್ಲಿ ಮಕ್ಕಳಿಗೂ ಒಂದು ಕಹಿ ಸತ್ಯ ಹೇಳಬೇಕಾಗುತ್ತದೆ. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್‌ಗೆ ಆಡಿದ್ದು 1949ರಿಂದ 1959ರವರೆಗೆ. ಆಟ ಮುಗಿದಾಗ ವಯಸ್ಸು ಮೂವತ್ತೆರಡು. ಅವರು ಬದುಕಿದ್ದು ತೊಂಬತ್ತು ವರ್ಷ. ಅಂದರೆ ದೊಡ್ಡ ಆಟದ ಕಾಲ ಹತ್ತು ಹನ್ನೊಂದು ವರ್ಷ, ಅದರಾಚೆಯ ಬದುಕು ಐವತ್ತೆಂಟು ವರ್ಷ! ಎಂಥ ಆಟಗಾರನಿಗೂ ಈ ಲೆಕ್ಕ ತಪ್ಪಿದ್ದಲ್ಲ. ಆಗ ನಮ್ಮ ದೇಶದಲ್ಲಿ ಇಟಲಿಯಂತೆ ವೃತ್ತಿಪರ ಫುಟ್‌ಬಾಲ್ ಇರಲಿಲ್ಲ. ಈಗ ಕಾಲ ಬದಲಾಗಿದೆ. ಬೆಂಗಳೂರಿನಲ್ಲಿ 2013ರಲ್ಲಿ ವೃತ್ತಿಪರ ಕ್ಲಬ್ಬೊಂದು ಹುಟ್ಟಿಕೊಂಡು 2018-19ರ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದುಕೊಂಡಿತು. ಆಟವನ್ನೇ ನಂಬಿ ಬದುಕುವವರು ಈಗ ಇದ್ದಾರೆ. ಆದರೂ ಬಯಲಿನಲ್ಲಿ ಓಡುವ ಸಾವಿರ ಮಕ್ಕಳಲ್ಲಿ ಆ ಮಟ್ಟ ಮುಟ್ಟುವವರು ಬೆರಳೆಣಿಕೆಯವರು, ಮುಟ್ಟಿದವರೂ ಮೂವತ್ತೈದರ ಹೊತ್ತಿಗೆ ಬೇರೆ ಕೆಲಸ ನೋಡಿಕೊಳ್ಳಬೇಕಾದವರು.

ಹಾಗೆಂದು ಚೆಂಡನ್ನು ಅಟ್ಟದ ಮೇಲೆ ಎಸೆಯಬೇಕಾಗಿಲ್ಲ. 1948ರ ಆ ಬರಿಗಾಲಿನ ತಂಡದ ನಾಯಕನ ಕತೆ ಇದಕ್ಕೆ ಉತ್ತರ. ಆತ ನಾಗಾ ಬೆಟ್ಟಗಳ ಯುವಕ ತಾಲಿಮೆರೆನ್ ಆವೊ. ಲಂಡನ್ನಿಗೆ ಹೋದಾಗ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ. ಒಲಿಂಪಿಕ್ಸ್ ಮುಗಿಸಿ ಬಂದು ಓದು ಮುಗಿಸಿದರು, ಡಾಕ್ಟರಾದರು, ತಮ್ಮ ನಾಡಿಗೆ ಮರಳಿ ಉಳಿದ ಆಯುಷ್ಯವೆಲ್ಲ ರೋಗಿಗಳ ಸೇವೆ ಮಾಡಿದರು. ಅವರಿಗೆ ಆಟವೂ ಓದೂ ಒಂದನ್ನೊಂದು ತಿನ್ನುವ ವೈರಿಗಳಾಗಿರಲಿಲ್ಲ.

ಘಟಪ್ರಭೆಯ ನೀರು ಸುಮ್ಮನೆ ಬಿದ್ದರೆ ನೋಡಲು ಚೆಂದ, ಅಷ್ಟೆ. ಅದೇ ನೀರಿನ ಒಂದು ಪಾಲನ್ನು ಕೊಳವೆಗಳಲ್ಲಿ ಇಳಿಸಿದ್ದರಿಂದ ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿಯ ಗಿರಣಿಯ ಚಕ್ರಗಳು ತಿರುಗಿದವು. ಹಾಗೆ ಮಾಡಲು ಯಾರೂ ಜಲಪಾತವನ್ನು ನಿಲ್ಲಿಸಬೇಕಾಗಲಿಲ್ಲ. ಮಕ್ಕಳ ಶಕ್ತಿಯ ವಿಷಯದಲ್ಲೂ ಪಾಲಕರು ಮಾಡಬೇಕಾದದ್ದು ಇಷ್ಟೆ. ಆಟಕ್ಕೆ ಹೊತ್ತು ಗೊತ್ತು ಮಾಡಿ, ಓದಿಗೂ ಹೊತ್ತು ಗೊತ್ತು ಮಾಡಿ, ಎರಡನ್ನೂ ಅರ್ಧಕ್ಕೆ ಬಿಡದಂತೆ ನೋಡಿಕೊಳ್ಳುವುದು. ಸಾಧ್ಯವಾದರೆ ಒಂದು ಜೊತೆ ಬೂಟು ಕೊಡಿಸುವುದು. ತಿಂಗಳಿಗೊಮ್ಮೆಯಾದರೂ ಬಯಲಿನ ಅಂಚಿಗೆ ಹೋಗಿ ನಿಂತು, ಮಗ ಸೋಲುತ್ತಿರುವಾಗ ಹೇಗೆ ಆಡುತ್ತಾನೆ ಎಂಬುದನ್ನು ನೋಡುವುದು. ಅಂಕಪಟ್ಟಿಯಲ್ಲಿ ಕಾಣದ ಎಷ್ಟೋ ಸಂಗತಿ ಅಲ್ಲಿ ಕಾಣುತ್ತದೆ.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ತೀರಿಕೊಂಡರು. ಅವರ ತಂಡವನ್ನು ಸೋಲಿಸಿದ ಯುಗೊಸ್ಲಾವಿಯಾ ಎಂಬ ದೇಶ ಈಗ ಭೂಪಟದಲ್ಲೇ ಇಲ್ಲ. ಅದು ಒಡೆದು ಹಲವು ದೇಶಗಳಾಗಿವೆ. ಆದರೆ ಒಲಿಂಪಿಕ್ಸ್‌ನ ದಾಖಲೆಯಲ್ಲಿ ಆ ಪಂದ್ಯದ ವಿವರ ಹಾಗೆಯೇ ಉಳಿದಿದೆ. ಒಂದು ಕಡೆ ಹತ್ತು ಗೋಲುಗಳ ಉದ್ದ ಪಟ್ಟಿ. ಇನ್ನೊಂದು ಕಡೆ ಒಂದೇ ಹೆಸರು, ಅಹ್ಮದ್ ಖಾನ್, ಅದರ ಮುಂದೆ 89 ಎಂಬ ಅಂಕೆ.